ಬಿರುದಲ್ಲದ ಗೌರವ

ಗಣರಾಜ್ಯೋತ್ಸವದ ಹಿಂದಿನ ದಿನ ಸಂಜೆ ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾಗುತ್ತದೆ. ಮರುದಿನ ಬೆಳಿಗ್ಗೆ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟುಕೊಂಡು ಆ ಪಟ್ಟಿಯಲ್ಲಿ ನಮ್ಮವರು ಯಾರಿದ್ದಾರೆಂದು ಹುಡುಕದ ಮನೆ ಕಡಮೆ. ಇಂಥವರಿಗೆ ಬಂದದ್ದು ಸಂತೋಷ, ಇಂಥವರಿಗೆ ಬಾರದಿದ್ದುದು ಅನ್ಯಾಯ, ಇನ್ನೊಬ್ಬರಿಗೆ ಏಕೆ ಬಂತೋ ದೇವರೇ ಬಲ್ಲ, ಹೀಗೆ ಮೂರು ಬಗೆಯ ಮಾತು ಆ ದಿನ ಎಲ್ಲೆಡೆಯೂ ಕೇಳಿಬರುತ್ತದೆ. ಅದಾದ ಕೆಲವು ವಾರಗಳಲ್ಲಿ ಸನ್ಮಾನ ಸಮಾರಂಭಗಳ ಆಹ್ವಾನಪತ್ರಿಕೆಗಳು ಬರತೊಡಗುತ್ತವೆ. ಅವುಗಳಲ್ಲಿ ಅನೇಕ ವೇಳೆ ‘ಪದ್ಮಶ್ರೀ’ ಎಂಬ ಮಾತು ವ್ಯಕ್ತಿಯ ಹೆಸರಿಗಿಂತ ಮುಂದೆ ಬಂದು ಕುಳಿತಿರುತ್ತದೆ. ಅಚ್ಚುಹಾಕಿಸಿದವರಿಗೆ ಅಭಿಮಾನವಲ್ಲದೆ ಬೇರೆ ಉದ್ದೇಶವೇನೂ ಇರುವುದಿಲ್ಲ. ಆದರೂ ಆ ಒಂದು ಮಾತು ಹೆಸರಿನ ಮುಂದೆ ಇರಬೇಕೆ, ಬೇಡವೆ ಎಂಬ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ಅದನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ನಾನು ಕನ್ನಡ ಅಧ್ಯಾಪಕ. ಹಳಗನ್ನಡ ಕಾವ್ಯಗಳನ್ನು ಪಾಠಮಾಡುವಾಗ ಬಿರುದುಗಳ ಕಾಡನ್ನು ದಾಟದೆ ಕಥೆಯ ಊರನ್ನು ಮುಟ್ಟುವಂತಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಚಾಲುಕ್ಯ ತೈಲಪನು ರನ್ನನಿಗೆ ‘ಕವಿಚಕ್ರವರ್ತಿ’ ಎಂಬುದನ್ನು ಕೊಟ್ಟನು. ಕೊಡುವ ದೊರೆಯಾದರೂ ಬಿರುದುಗಳ ಭಾರದಿಂದ ಬಾಗಿದವನೇ. ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ ಎಂಬ ಇನ್ನೊಂದು ಹೆಸರುಂಟಷ್ಟೆ. ‘ಸಾಹಸಭೀಮ’ ಎಂಬುದು ಚಾಲುಕ್ಯ ಸತ್ಯಾಶ್ರಯನ ಬಿರುದು. ಮಹಾಭಾರತದ ಭೀಮನ ಕಥೆ ಹೇಳುವ ಕಾವ್ಯದ ಹೆಸರಿನೊಳಕ್ಕೇ ಆಳುವವನ ಬಿರುದು ಸೇರಿಕೊಂಡಿತು. ಶಾಸನಗಳಲ್ಲಿಯೂ ಹಾಗೆಯೆ. ದಾನ ಕೊಟ್ಟ ಭೂಮಿಯ ಮಾತು ಬರುವ ಮೊದಲು ದೊರೆಯ ವಂಶ, ಪರಾಕ್ರಮ, ಬಿರುದುಗಳು ಸಾಲುಸಾಲಾಗಿ ಬರುತ್ತವೆ. ಆ ಹೊಗಳಿಕೆಯ ಭಾಗಕ್ಕೆ ವಿದ್ವಾಂಸರು ಕೊಡುವ ಹೆಸರು ‘ಪ್ರಶಸ್ತಿ’. ಇಂದು ಪದಕಕ್ಕೂ ಫಲಕಕ್ಕೂ ನಾವು ಬಳಸುತ್ತಿರುವ ಮಾತು ಹಿಂದೆ ದೊರೆಯ ಗುಣಗಾನಕ್ಕೆ ಸಂದ ಮಾತು.

ಆದರೆ ನಮ್ಮ ನಾಡಿನಲ್ಲಿ ಗೌರವಕ್ಕೆ ಇನ್ನೊಂದು ಭಾಷೆಯೂ ಇತ್ತು. ಅದು ವೀರಗಲ್ಲಿನ ಭಾಷೆ. ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ಕಾದಾಡಿ, ದನಗಳನ್ನು ಮರಳಿಸಿ ತಾನು ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ನೂರಾರು ಇವೆ. ಅವುಗಳಲ್ಲಿ ಬಹುಮಟ್ಟಿಗೆ ಇರುವುದು ಇಷ್ಟೆ: ಯಾವ ಊರು, ಯಾರ ಮಗ, ಏನು ಮಾಡಿದ. ಅವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಟ್ಟುಕೊಟ್ಟ ಸಂಗತಿಯೂ ಹಲವೆಡೆ ಬರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೪೯-೫೦ರ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೆರ ಎಂಬವನಿಗೆ, ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದಿಗೆ ಹೋರಾಡಿ ಸತ್ತಿತು. ಅದರ ನೆನಪಿಗೂ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಅದೇ ಕಲ್ಲಿನಲ್ಲಿ ದೊರೆಗಳ ಬಿರುದುಗಳಿಗೆ ಕೊರತೆಯಿಲ್ಲ. ಆದರೆ ನಾಯಿಗೆ ಬಿರುದಿಲ್ಲ. ಅದು ಮಾಡಿದ ಕೆಲಸವನ್ನು ಮಾತ್ರ ಬರೆದಿದ್ದಾರೆ.

ಬಿರುದು ಹೆಸರಿಗೆ ಅಂಟುತ್ತದೆ. ವೀರಗಲ್ಲು ಕೆಲಸವನ್ನು ಹೇಳುತ್ತದೆ. ಸ್ವತಂತ್ರ ಭಾರತದ ರಾಷ್ಟ್ರಗೌರವಗಳು ಈ ಎರಡರಲ್ಲಿ ಯಾವ ಜಾತಿಗೆ ಸೇರಿದುವು ಎಂಬುದೇ ಎಪ್ಪತ್ತು ವರ್ಷಗಳಿಂದ ನಡೆದುಬಂದಿರುವ ವಾದ.

ಇಂಗ್ಲಿಷರ ಆಳ್ವಿಕೆಯಲ್ಲಿ ಬಿರುದು ಆಡಳಿತದ ಒಂದು ಉಪಕರಣವಾಗಿತ್ತು. ಹೊಸ ವರ್ಷಕ್ಕೊಮ್ಮೆ, ಚಕ್ರವರ್ತಿಯ ಹುಟ್ಟುಹಬ್ಬಕ್ಕೊಮ್ಮೆ ಪಟ್ಟಿ ಹೊರಬೀಳುತ್ತಿತ್ತು. ರಾವ್ ಸಾಹೇಬರು, ರಾವ್ ಬಹದ್ದೂರರು, ಖಾನ್ ಬಹದ್ದೂರರು, ದಿವಾನ್ ಬಹದ್ದೂರರು, ಎಲ್ಲಕ್ಕೂ ಮೇಲೆ ‘ಸರ್’ ಎನಿಸಿಕೊಂಡವರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಮಾಜವನ್ನು ಜೋಡಿಸಿದ್ದರು. ಮೈಸೂರು ಸಂಸ್ಥಾನದಲ್ಲಿ ‘ರಾಜಸೇವಾಸಕ್ತ’, ‘ರಾಜಸೇವಾಪ್ರಸಕ್ತ’ ಎಂಬ ಬಿರುದುಗಳಿದ್ದುವು. ಬಿ. ಎಂ. ಶ್ರೀಕಂಠಯ್ಯನವರು ರಾಜಸೇವಾಸಕ್ತರು, ಮಾಸ್ತಿಯವರು ರಾಜಸೇವಾಪ್ರಸಕ್ತರು. ಇವರಿಬ್ಬರ ಯೋಗ್ಯತೆಯನ್ನು ಪ್ರಶ್ನಿಸುವವರು ಯಾರೂ ಇಲ್ಲ. ಆದರೆ ಮಾತಿನ ಅರ್ಥವನ್ನು ಗಮನಿಸಬೇಕು. ಅವರಿಬ್ಬರೂ ಮಾಡಿದ್ದು ಕನ್ನಡದ ಸೇವೆ. ಬಿರುದು ಹೇಳುವುದು ರಾಜಸೇವೆಯನ್ನು.

ಸ್ವಾತಂತ್ರ್ಯ ಚಳವಳಿ ಬಿರುದುಗಳ ಮೇಲೆ ಸಿಟ್ಟಾದುದು ಆಕಸ್ಮಿಕವಲ್ಲ. ೧೯೧೯ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವಾದ ಮೇಲೆ ರವೀಂದ್ರನಾಥ ಠಾಕೂರರು ತಮ್ಮ ‘ಸರ್’ ಪದವಿಯಿಂದ ಬಿಡುಗಡೆ ಮಾಡಬೇಕೆಂದು ವೈಸರಾಯಿಗೆ ಪತ್ರ ಬರೆದರು. ಮರುವರ್ಷ ಗಾಂಧೀಜಿ ತಮಗೆ ಬಂದಿದ್ದ ಕೈಸರ್-ಇ-ಹಿಂದ್ ಪದಕವನ್ನು ಹಿಂದಿರುಗಿಸಿದರು. ಅಸಹಕಾರ ಚಳವಳಿಯ ಕಾರ್ಯಕ್ರಮಗಳಲ್ಲಿ ಬಿರುದುಗಳ ತ್ಯಾಗವೂ ಒಂದಾಗಿತ್ತು. ಈ ನೆನಪು ಇನ್ನೂ ಹಸಿಯಾಗಿದ್ದಾಗಲೇ ನಮ್ಮ ಸಂವಿಧಾನ ರಚಿತವಾಯಿತು. ಅದರ ೧೮ನೆಯ ವಿಧಿ ಸ್ಪಷ್ಟವಾಗಿಯೇ ಇದೆ: ಸೇನೆಯ ಮತ್ತು ವಿದ್ಯೆಯ ಮನ್ನಣೆಗಳನ್ನು ಬಿಟ್ಟರೆ ರಾಜ್ಯವು ಯಾವ ಬಿರುದನ್ನೂ ಕೊಡಕೂಡದು, ಭಾರತದ ಪ್ರಜೆಯು ಪರರಾಜ್ಯದಿಂದ ಬಿರುದನ್ನು ಸ್ವೀಕರಿಸಲೂ ಕೂಡದು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ೧೭ನೆಯ ವಿಧಿಯ ಬೆನ್ನಿಗೇ ಇದು ಬರುತ್ತದೆ. ಎರಡೂ ಸಮಾನತೆಯ ಹಕ್ಕಿನ ಭಾಗಗಳು. ಹುಟ್ಟಿನಿಂದ ಬಂದ ಕೀಳುತನವನ್ನು ಒಂದು ವಿಧಿ ಅಳಿಸಿತು. ಸರ್ಕಾರ ದಯಪಾಲಿಸುವ ಮೇಲುತನವನ್ನು ಇನ್ನೊಂದು ತಡೆಯಿತು.

ಹೀಗಿರುವಾಗ ಸಂವಿಧಾನ ಜಾರಿಗೆ ಬಂದ ನಾಲ್ಕೇ ವರ್ಷಗಳಲ್ಲಿ, ೧೯೫೪ರ ಜನವರಿ ೨ರಂದು, ರಾಷ್ಟ್ರಪತಿಗಳ ಕಾರ್ಯಾಲಯದಿಂದ ಎರಡು ಗೌರವಗಳ ಪ್ರಕಟಣೆ ಹೊರಟಿತು: ಒಂದು ಭಾರತರತ್ನ, ಇನ್ನೊಂದು ಪದ್ಮವಿಭೂಷಣ. ಎರಡನೆಯದರಲ್ಲಿ ಹಿಂದಿಯ ಎಣಿಕೆಯಂತೆ ‘ಪಹಲಾ ವರ್ಗ’, ‘ದೂಸರಾ ವರ್ಗ’, ‘ತೀಸರಾ ವರ್ಗ’ ಎಂದು ಮೂರು ದರ್ಜೆಗಳಿದ್ದುವು. ರೈಲಿನ ಡಬ್ಬಿಗಳಂತೆ ಮನುಷ್ಯರ ಸೇವೆಯನ್ನೂ ಮೂರು ದರ್ಜೆ ಮಾಡಿದಂತಾಯಿತು. ಒಂದೇ ವರ್ಷದಲ್ಲಿ, ೧೯೫೫ರ ಜನವರಿಯಲ್ಲಿ, ಆ ಹೆಸರುಗಳು ಹೋಗಿ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂಬ ಹೆಸರುಗಳು ಬಂದುವು. ದರ್ಜೆ ಉಳಿಯಿತು, ಅದರ ಹೆಸರು ಮಾತ್ರ ಸುಂದರವಾಯಿತು.

ಮೊದಲ ವರ್ಷ ಭಾರತರತ್ನವನ್ನು ಪಡೆದವರು ರಾಜಗೋಪಾಲಾಚಾರ್ಯರು, ರಾಧಾಕೃಷ್ಣನ್ ಮತ್ತು ಬೆಂಗಳೂರಿನಲ್ಲಿ ನೆಲಸಿದ್ದ ಸಿ. ವಿ. ರಾಮನ್. ಕೊನೆಯ ಇಬ್ಬರೂ ಹಿಂದೆ ‘ಸರ್’ ಪದವಿ ಪಡೆದವರೇ. ಎರಡನೆಯ ವರ್ಷ ಭಗವಾನ್ ದಾಸ್, ನೆಹರು ಇವರೊಡನೆ ನಮ್ಮ ವಿಶ್ವೇಶ್ವರಯ್ಯನವರು ಅದನ್ನು ಪಡೆದರು. ಪ್ರಧಾನಿಯಾಗಿದ್ದ ನೆಹರುರವರಿಗೆ ಇದನ್ನು ಕೊಡುವಾಗ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿಯ ಶಿಫಾರಸಿಲ್ಲದೆ ತಾವೇ ಮುಂದಾಗಿ ಈ ಕೆಲಸ ಮಾಡಿದ್ದಾಗಿ ಬಹಿರಂಗವಾಗಿ ಹೇಳಬೇಕಾಯಿತು. ಕೊಡುವ ಅಧಿಕಾರವೂ ಪಡೆಯುವ ಅಧಿಕಾರವೂ ಒಂದೇ ಮನೆಯಲ್ಲಿದ್ದರೆ ಒದಗುವ ಸಂಕೋಚ ಅಂದೇ ತಲೆದೋರಿತ್ತೆಂಬುದಕ್ಕೆ ಇದು ಸಾಕ್ಷಿ.

ವಿಶ್ವೇಶ್ವರಯ್ಯನವರ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅವರು ಮೈಸೂರಿನ ದಿವಾನರಾಗಿದ್ದಾಗ, ೧೯೧೫ರಲ್ಲಿ, ಬ್ರಿಟಿಷ್ ಸರ್ಕಾರ ಅವರನ್ನು ‘ಸರ್’ ಮಾಡಿತು. ಸರಿಯಾಗಿ ನಲವತ್ತು ವರ್ಷಗಳ ಅನಂತರ ಸ್ವತಂತ್ರ ಭಾರತ ಅವರಿಗೆ ತನ್ನ ಅತ್ಯುಚ್ಚ ಗೌರವವನ್ನು ಸಲ್ಲಿಸಿತು. ಇಂದಿಗೂ ಜನ ಅವರನ್ನು ‘ಸರ್ ಎಂವಿ’ ಎಂದೇ ಕರೆಯುತ್ತಾರೆ. ಸಾಮ್ರಾಜ್ಯ ಕೊಟ್ಟದ್ದು ಹೆಸರಿಗೆ ಅಂಟಿಕೊಂಡು ಉಳಿಯಿತು. ಗಣರಾಜ್ಯ ಕೊಟ್ಟದ್ದು ಅಂಟಲಿಲ್ಲ. ಇದರಿಂದ ಕೆಲವರಿಗೆ ಬೇಸರವಾಗಬಹುದು. ನನಗಾದರೋ ಹೀಗಾದದ್ದೇ ಸರಿಯೆಂದು ತೋರುತ್ತದೆ. ಕನ್ನಂಬಾಡಿಯ ಕಟ್ಟೆಯನ್ನು ನೋಡಿದವರಿಗೆ ಅವರ ಹೆಸರಿನ ಮುಂದೆ ಇನ್ನೊಂದು ಮಾತು ಬೇಕೆನಿಸುವುದಿಲ್ಲ.

ಇದು ಬಾಗಿಲಲ್ಲಿ ತಡೆದ ಬಿರುದನ್ನು ಕಿಟಕಿಯಿಂದ ಒಳಕ್ಕೆ ಬಿಟ್ಟುಕೊಂಡ ಹಾಗಲ್ಲವೆ ಎಂಬ ಆಕ್ಷೇಪ ಬೆಳೆಯುತ್ತ ಬಂತು. ೧೯೬೯ರಲ್ಲಿ ಆಚಾರ್ಯ ಕೃಪಲಾನಿಯವರು ಈ ಗೌರವಗಳನ್ನು ರದ್ದುಮಾಡುವ ಮಸೂದೆಯನ್ನೇ ಲೋಕಸಭೆಯ ಮುಂದಿಟ್ಟರು; ಅದು ಅಂಗೀಕಾರವಾಗಲಿಲ್ಲ. ೧೯೭೭ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಇವನ್ನು ನಿಲ್ಲಿಸಿಯೇಬಿಟ್ಟಿತು. ೧೯೮೦ರ ಜನವರಿ ೨೫ರಂದು ಇಂದಿರಾ ಗಾಂಧಿಯವರ ಸರ್ಕಾರ ಮತ್ತೆ ಆರಂಭಿಸಿತು. ಚರಿತ್ರೆಯ ವಿನೋದವೆಂದರೆ, ನಿಲ್ಲಿಸಿದ ಮೊರಾರ್ಜಿಯವರೇ ೧೯೯೧ರಲ್ಲಿ ಭಾರತರತ್ನರಾದರು. ೧೯೯೨ರಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೆಲವು ವರ್ಷ ಪದ್ಮ ಪ್ರಶಸ್ತಿಗಳು ನಿಂತಿದ್ದುವು. ೧೯೯೫ರ ಡಿಸೆಂಬರ್ ೧೫ರಂದು, ಬಾಲಾಜಿ ರಾಘವನ್ ಎಂಬವರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ತೀರ್ಪು ನೀಡಿತು. ಇವು ೧೮ನೆಯ ವಿಧಿ ನಿಷೇಧಿಸಿರುವ ಬಿರುದುಗಳಲ್ಲ. ಆದರೆ ಹೆಸರಿನ ಹಿಂದಾಗಲಿ ಮುಂದಾಗಲಿ ಇವನ್ನು ಬಳಸಕೂಡದು. ಬಳಸಿದರೆ ಗೌರವವನ್ನು ಹಿಂತೆಗೆದುಕೊಳ್ಳಲು ಅವಕಾಶವಿದೆ. ತೀರ್ಪಿನ ತಿರುಳು ಇದು. ಎಂದರೆ, ಹೆಸರಿನ ಮುಂದೆ ಬಾರದಿರುವವರೆಗೆ ಮಾತ್ರ ಇದು ಗೌರವ. ಮುಂದೆ ಬಂದೊಡನೆ ಬಿರುದು. ಆಹ್ವಾನಪತ್ರಿಕೆಯ ಆ ಒಂದು ಮಾತು ಕ್ಷುಲ್ಲಕವಲ್ಲವೆಂದು ನಾನು ಹೇಳಿದ್ದು ಇದಕ್ಕಾಗಿ.

ಗೌರವ ಬಿರುದಾಗಬಾರದೆಂದರೆ ಅದನ್ನು ಬಿಟ್ಟುಕೊಡುವ ಸ್ವಾತಂತ್ರ್ಯವೂ ಜೀವಂತವಾಗಿರಬೇಕು. ಶಿವರಾಮ ಕಾರಂತರಿಗೆ ೧೯೬೮ರಲ್ಲಿ ಪದ್ಮಭೂಷಣ ಬಂದಿತ್ತು. ೧೯೭೫ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅದನ್ನು ಪ್ರತಿಭಟಿಸಿ ಅವರು ಹಿಂದಿರುಗಿಸಿದರು. ಬೇರೆ ಕಾರಣಕ್ಕಾಗಿ ಬೇಡವೆಂದವರೂ ಉಂಟು. ೨೦೧೮ರಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು, ಸಂನ್ಯಾಸಿಗೆ ಇದರಿಂದ ಆಗಬೇಕಾದುದೇನೂ ಇಲ್ಲವೆಂಬ ಭಾವದಿಂದ, ಪದ್ಮಶ್ರೀಯನ್ನು ವಿನಯಪೂರ್ವಕವಾಗಿಯೇ ನಿರಾಕರಿಸಿದರು. ಇವರಿಂದ ಗೌರವಕ್ಕೆ ಕುಂದಾಯಿತೆಂದು ನನಗೆ ಅನ್ನಿಸುವುದಿಲ್ಲ. ಬೇಡವೆನ್ನಲಾಗದ ಗೌರವ ಗೌರವವಲ್ಲ, ಅಪ್ಪಣೆ.

ಹಾಗಾದರೆ ಇವನ್ನು ನಿಲ್ಲಿಸಿಬಿಡಬಾರದೇಕೆ? ಈ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ದೊರೆತದ್ದು ಈಚಿನ ಪಟ್ಟಿಗಳಲ್ಲಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ನೇರವಾಗಿ ಸೂಚಿಸುವ ಏರ್ಪಾಡು ಕೆಲವು ವರ್ಷಗಳಿಂದ ನಡೆದುಬಂದಿದೆ. ವಶೀಲಿ ಇದರಿಂದ ಪೂರ್ತಿ ನಿಂತಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಪಟ್ಟಿಯಲ್ಲಿ ಹೊಸ ಬಗೆಯ ಹೆಸರುಗಳು ಕಂಡುವು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಬಂತು. ೨೦೨೦ರ ಪಟ್ಟಿಯಲ್ಲಿ ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು ಕಾಡು ಬೆಳೆಸಿದ ಅಂಕೋಲೆ ಸೀಮೆಯ ತುಳಸಿ ಗೌಡರ ಹೆಸರೂ, ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬನವರ ಹೆಸರೂ ಇದ್ದುವು. ೨೦೨೨ರಲ್ಲಿ ಗುಡ್ಡದ ಒಡಲಿಗೆ ಸುರಂಗ ಕೊರೆದು ನೀರು ತೆಗೆದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ ಸಂದಿತು. ತುಳಸಿಯಮ್ಮ ಬರಿಗಾಲಿನಲ್ಲಿ ರಾಷ್ಟ್ರಪತಿಭವನದ ರತ್ನಗಂಬಳಿಯ ಮೇಲೆ ನಡೆದುದನ್ನು ನಾಡೆಲ್ಲ ನೋಡಿತು. ಇವರು ಯಾರೂ ರಾಜಸೇವಾಸಕ್ತರಲ್ಲ. ದನಗಳನ್ನು ಮರಳಿಸಿದ ಹಳ್ಳಿಯ ವೀರನ ಸಾಲಿಗೆ ಸೇರಿದವರು.

ಆದರೆ ವೀರಗಲ್ಲಿನಿಂದ ನಮ್ಮ ಗಣರಾಜ್ಯ ಕಲಿಯಬೇಕಾದದ್ದು ಇನ್ನೂ ಎರಡು ಉಳಿದಿವೆ. ಪದ್ಮ ಪ್ರಶಸ್ತಿಯೊಡನೆ ಬರುವುದು ರಾಷ್ಟ್ರಪತಿಗಳ ಸಹಿಯುಳ್ಳ ಸನ್ನದು ಮತ್ತು ಪದಕ. ಹಣವಿಲ್ಲ, ರೈಲಿನ ರಿಯಾಯಿತಿಯೂ ಇಲ್ಲ. ಹೆಸರಾಂತ ವೈದ್ಯರಿಗೋ ಉದ್ಯಮಿಗೋ ಇದರಿಂದ ಕೊರತೆಯಿಲ್ಲ. ಕೂಲಿಮಾಡಿ ಬದುಕಿದವರ ಮನೆಯಲ್ಲಿ ಪದಕವನ್ನು ಗೋಡೆಗೆ ತೂಗಹಾಕಿ, ಒಲೆಗೆ ಏನಿಡುವುದೆಂದು ಯೋಚಿಸಬೇಕಾಗಬಹುದು. ನೆತ್ತರುಗೊಡಗೆ ಬಿಟ್ಟವರು ಸತ್ತವನ ಮನೆಯವರ ಊಟವನ್ನೂ ಚಿಂತಿಸಿದ್ದರು. ಎರಡನೆಯದು, ಬರೆಹದ ರೀತಿ. ಸರ್ಕಾರ ಹೊರಡಿಸುವ ಪಟ್ಟಿಯಲ್ಲಿರುವುದು ಹೆಸರು, ಕ್ಷೇತ್ರ, ರಾಜ್ಯ ಎಂಬ ಕಲಮುಗಳು. ‘ಸಮಾಜಸೇವೆ, ಕರ್ನಾಟಕ’ ಎಂದರೆ ಕಿತ್ತಳೆಯ ಬುಟ್ಟಿಯೂ ಕಾಣುವುದಿಲ್ಲ, ಶಾಲೆಯೂ ಕಾಣುವುದಿಲ್ಲ.

ಈ ಕೊರತೆಯನ್ನು ತುಂಬುವುದು ಸರ್ಕಾರದ ಕೆಲಸ ಮಾತ್ರವಲ್ಲ, ನಮ್ಮದೂ ಹೌದು. ಮುಂದಿನ ಬಾರಿ ಸನ್ಮಾನಕ್ಕೆ ಆಹ್ವಾನಪತ್ರಿಕೆ ಅಚ್ಚುಹಾಕಿಸುವವರು ಹೆಸರನ್ನು ಹೆಸರಾಗಿಯೇ ಬಿಟ್ಟು, ಅದರ ಕೆಳಗೆ ಒಂದು ಸಾಲು ಸೇರಿಸಲಿ: ಇವರು ಇಂಥ ಊರಿನವರು, ಇಂಥ ಕೆಲಸ ಮಾಡಿದರು. ಸಾವಿರ ವರ್ಷಗಳ ಹಿಂದೆ ಕಲ್ಲುಕುಟಿಗನಿಗೆ ಅಷ್ಟು ಜಾಗ ಸಾಕಾಗಿತ್ತು.