ಆಹಾರದಲ್ಲಿ ಸೀಸ ಎಷ್ಟಿದೆ? ಲ್ಯಾಬ್‌ನಲ್ಲಿ ಅಳೆಯುವುದು ಹೀಗೆ

2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್ ದೇಶದ ಅಂಗಡಿಗಳಿಂದ ಮಾಯವಾಯಿತು. ಕೋಲ್ಕತ್ತದ ಲ್ಯಾಬ್ ವರದಿಯಲ್ಲಿ ಸೀಸ 17.2 ಪಿಪಿಎಂ ಎಂದಿತ್ತು. ಇರಬೇಕಾದ ಗರಿಷ್ಠ ಮಿತಿ 2.5 ಪಿಪಿಎಂ. ಆದರೆ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿತು. ಪರೀಕ್ಷೆ ನಡೆಸಿದ ಲ್ಯಾಬ್‌ಗಳಿಗೆ ಅಗತ್ಯ ಮಾನ್ಯತೆ ಇರಲಿಲ್ಲ ಎಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಬಳಿಕ ಮೊಹಾಲಿ, ಜೈಪುರ ಮತ್ತು ಹೈದರಾಬಾದ್‌ನ ಮಾನ್ಯತೆ ಪಡೆದ ಲ್ಯಾಬ್‌ಗಳಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸೀಸ ಮಿತಿಯೊಳಗೇ ಇತ್ತು.

ಹಾಗಾದರೆ ಇಂಥ ಅಂಕಿಯನ್ನು ಯಾವಾಗ ನಂಬಬಹುದು? ಅದು ಹೇಗೆ ಸಿಗುತ್ತದೆ ಎಂದು ತಿಳಿದರೆ ಉತ್ತರ ಸುಲಭ.

ಬೆಳಕು ಹೀರುವ ಪರಮಾಣು

ಲೋಹಗಳನ್ನು ಅಳೆಯಲು ಲ್ಯಾಬ್‌ಗಳು ಬಳಸುವ ಸಾಧನಗಳಲ್ಲಿ ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್ ಪ್ರಮುಖವಾದುದು. ಚಿಕ್ಕದಾಗಿ ಎಎಎಸ್. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಅಲನ್ ವಾಲ್ಶ್ 1955ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಪ್ರತಿ ಲೋಹದ ಪರಮಾಣು ತನ್ನದೇ ಆದ ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹೀರುತ್ತದೆ. ಸೀಸಕ್ಕೆ ಸಾಮಾನ್ಯವಾಗಿ 283.3 ನ್ಯಾನೋಮೀಟರ್ ಬೆಳಕನ್ನು ಬಳಸುತ್ತಾರೆ. ಆ ಬೆಳಕು ಬರುವುದು ಸೀಸದಿಂದಲೇ ಮಾಡಿದ ದೀಪದಿಂದ. ಮಾದರಿಯನ್ನು ಬಿಸಿ ಮಾಡಿ ಪರಮಾಣುಗಳಾಗಿ ಒಡೆದು, ಬೆಳಕು ಎಷ್ಟು ಕಡಿಮೆಯಾಯಿತು ಎಂದು ನೋಡುತ್ತಾರೆ. ಹೆಚ್ಚು ಕಡಿಮೆಯಾದರೆ ಹೆಚ್ಚು ಸೀಸ ಎಂದರ್ಥ.

ಪ್ರಮಾಣ ಹೆಚ್ಚಿದ್ದರೆ ಅಸಿಟಲೀನ್ ಜ್ವಾಲೆ ಸಾಕು. ಅತಿ ಸೂಕ್ಷ್ಮ ಪ್ರಮಾಣಕ್ಕೆ ವಿದ್ಯುತ್ತಿನಿಂದ ಕಾಯಿಸುವ ಗ್ರ್ಯಾಫೈಟ್ ಕೊಳವೆ ಬೇಕು. ಪಾದರಸವನ್ನು ತಣ್ಣನೆಯ ಆವಿಯಾಗಿಸಿ ಅಳೆಯುತ್ತಾರೆ.

ತಪ್ಪು ನುಸುಳುವುದು ಎಲ್ಲಿ?

ಹೆಚ್ಚಿನ ಸಲ ಯಂತ್ರದಲ್ಲಲ್ಲ, ಅದಕ್ಕೂ ಮೊದಲು. ಉದಾಹರಣೆಗೆ, ಅರ್ಧ ಗ್ರಾಂ ಆಹಾರವನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸಿ, ಶುದ್ಧ ನೀರು ಸೇರಿಸಿ 50 ಮಿಲಿಲೀಟರ್ ಮಾಡಿದರು ಎನ್ನೋಣ. ಆಹಾರ 100 ಪಟ್ಟು ತೆಳುವಾಯಿತು. ಕೆಜಿಗೆ 2.5 ಮಿಲಿಗ್ರಾಂ, ಅಂದರೆ 2.5 ಪಿಪಿಎಂ ಸೀಸ, ಈ ದ್ರಾವಣದಲ್ಲಿ ಲೀಟರ್‌ಗೆ ಬರೀ 25 ಮೈಕ್ರೋಗ್ರಾಂ.

ಆಮ್ಲದಿಂದಲೋ ಪಾತ್ರೆಯಿಂದಲೋ ದೂಳಿನಿಂದಲೋ ಆ ದ್ರಾವಣಕ್ಕೆ ಲೀಟರ್‌ಗೆ 10 ಮೈಕ್ರೋಗ್ರಾಂ ಸೀಸ ಸೇರಿದರೂ, ವರದಿಯಲ್ಲಿ ಇಡೀ 1 ಪಿಪಿಎಂ ಹೆಚ್ಚಾಗುತ್ತದೆ. ಹೀಗಾಗಿ ಆಹಾರ ಹಾಕದ ಖಾಲಿ ದ್ರಾವಣವನ್ನೂ ಜೊತೆಯಲ್ಲೇ ಅಳೆಯಬೇಕು. ಗೊತ್ತಿರುವಷ್ಟು ಸೀಸ ಬೆರೆಸಿ, ಅದು ಸರಿಯಾಗಿ ಮರಳಿ ಸಿಗುತ್ತದೆಯೇ ಎಂದೂ ಪರೀಕ್ಷಿಸಬೇಕು.

ಕುಡಿಯುವ ನೀರಿನಲ್ಲಿ ಇನ್ನೂ ಎಚ್ಚರ ಬೇಕು. ಭಾರತೀಯ ಮಾನಕದಂತೆ ಅದರಲ್ಲಿ ಸೀಸದ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ ಮಿತಿ 0.003 ಮಿಲಿಗ್ರಾಂ.

ವರದಿಯಲ್ಲಿ ಏನು ನೋಡಬೇಕು?

* ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ? ಅದು ಆ ಆಹಾರ, ಆ ಲೋಹದ ಪರೀಕ್ಷೆಗೂ ಅನ್ವಯಿಸುತ್ತದೆಯೇ?
* ಬಳಸಿದ ವಿಧಾನ ಯಾವುದು? ಅದು ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು?
* ಘಟಕ ಯಾವುದು? 1 ಪಿಪಿಎಂ ಎಂದರೆ 1,000 ಪಿಪಿಬಿ.

ಗ್ರಾಹಕರೂ ಪರೀಕ್ಷೆ ಮಾಡಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಹಕ್ಕು ಇದೆ. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಸುವಾಗಲೇ ಮಾರಾಟಗಾರರಿಗೆ ತಿಳಿಸಿರಬೇಕು.