ಪಟ ಬಿಡಿಸಿ ಹಾಡುವ ನಯಾದ ಪಟುವಾಗಳು

ಬಂಗಾಳ ಎಂದೊಡನೆ ನಮಗೆ ನೆನಪಾಗುವುದು ಕೊಲ್ಕತ್ತಾ ನಗರ, ರವೀಂದ್ರನಾಥ ಟಾಗೋರ್ ಮತ್ತು ದುರ್ಗಾಪೂಜೆ. ನಮ್ಮ ಇತಿಹಾಸದ ಪುಸ್ತಕಗಳು ಪ್ಲಾಸಿ ಕದನ ಹಾಗೂ 1905ರ ವಂಗಭಂಗದ ಆಚೆಗೆ ಹೋಗುವುದು ಕಡಿಮೆ. ಹಳ್ಳಿಗಳಿಗೂ ಒಂದು ಇತಿಹಾಸವಿರುತ್ತದೆ, ಅದು ಜನರ ಕಸುಬಿನಲ್ಲಿ ಉಳಿದುಕೊಂಡು ಬಂದಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಪಶ್ಚಿಮ ಮೇದಿನಿಪುರ ಜಿಲ್ಲೆಯ ಪಿಂಗಲಾ ಬ್ಲಾಕಿಗೆ ಸೇರಿದ ನಯಾ ಅಂತಹದೊಂದು ಹಳ್ಳಿ.

ನಯಾದಲ್ಲಿ ನೆಲೆಸಿರುವ ಪಟುವಾ ಸಮುದಾಯದವರ ಕಸುಬು ಪಟ ಬರೆಯುವುದು ಮತ್ತು ಅದನ್ನು ಬಿಡಿಸಿ ತೋರಿಸುತ್ತಾ ಹಾಡುವುದು. ಇವರೆಲ್ಲರ ಹೆಸರಿನ ಕೊನೆಯಲ್ಲಿ 'ಚಿತ್ರಕರ್' ಎಂದಿರುತ್ತದೆ. ಹೆಸರು ಕೇಳಿದವರು ಇವರನ್ನು ಹಿಂದೂಗಳೆಂದು ಭಾವಿಸುವುದು ಸಹಜ. ಆದರೆ ಇವರಲ್ಲಿ ಬಹುತೇಕರು ಮುಸ್ಲಿಮರು. ಇವರ ಮನೆಗಳಲ್ಲಿ ನಿಕಾಹ್ ನಡೆಯುತ್ತದೆ, ಈದ್ ಆಚರಣೆಯಾಗುತ್ತದೆ, ತೀರಿಕೊಂಡವರನ್ನು ದಫನ ಮಾಡಲಾಗುತ್ತದೆ. ಆದರೂ ತಲೆಮಾರುಗಳಿಂದ ಇವರ ಪಟಗಳಲ್ಲಿ ಮೂಡಿ ಬಂದವರು ರಾಮ, ಸೀತೆ, ಕೃಷ್ಣ, ದುರ್ಗೆ ಮತ್ತು ಬಂಗಾಳದ ಹಾವಿನ ದೇವತೆ ಮಾನಸಾ. ಹುಲಿಯನ್ನೇರಿ ಬರುವ ಗಾಝಿ ಪೀರರ ಕತೆಯನ್ನೂ ಸತ್ಯಪೀರರ ಕತೆಯನ್ನೂ ಬಂಗಾಳದ ಪಟುವಾಗಳು ಬರೆದಿದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಗಾಝಿ ಪಟ 1800ರ ಸುಮಾರಿನದು. ಅದರ ಉದ್ದ ಸುಮಾರು 13 ಮೀಟರ್.

ಪಟ ತಯಾರಾಗುವ ಬಗೆಯಲ್ಲೇ ಹಳ್ಳಿಯ ಬದುಕು ಕಾಣುತ್ತದೆ. ಶಂಖಪುಷ್ಪದಿಂದ ನೀಲಿ, ಅರಿಸಿನದಿಂದ ಹಳದಿ, ಅವರೆ ಎಲೆಯಿಂದ ಹಸಿರು, ದೀಪದ ಮಸಿಯಿಂದ ಕಪ್ಪು. ಬಿಲ್ವದ ಕಾಯಿಯ ಅಂಟು ಬೆರೆಸಿದರೆ ಬಣ್ಣ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಬಣ್ಣದ ಬಟ್ಟಲು ತೆಂಗಿನ ಕರಟ. ಕಾಗದದ ಹಾಳೆಗಳನ್ನು ಒಂದಕ್ಕೊಂದು ಜೋಡಿಸಿ, ಹರಿಯದಿರಲೆಂದು ಹಿಂಬದಿಗೆ ಹಳೆಯ ಸೀರೆಯ ಬಟ್ಟೆ ಅಂಟಿಸುತ್ತಾರೆ. ಈ ಸುರುಳಿಗಳನ್ನು ಜೋಳಿಗೆಯಲ್ಲಿಟ್ಟುಕೊಂಡು ಪಟುವಾ ಊರೂರು ಅಲೆಯುತ್ತಿದ್ದ. ಅಂಗಳದಲ್ಲಿ ಕುಳಿತು ಸುರುಳಿಯನ್ನು ಒಂದೊಂದೇ ಚಿತ್ರ ಕಾಣುವಂತೆ ಬಿಚ್ಚುತ್ತಾ, ಬೆರಳಿಟ್ಟು ತೋರಿಸುತ್ತಾ, ಕತೆಯನ್ನು ಹಾಡುತ್ತಿದ್ದ. ಹೆಂಗಸರು ಮಕ್ಕಳು ಸುತ್ತ ಕೂರುತ್ತಿದ್ದರು. ಹಾಡು ಮುಗಿದ ಮೇಲೆ ಅವನ ಜೋಳಿಗೆಗೆ ಅಕ್ಕಿ, ತರಕಾರಿ, ಕೆಲವು ನಾಣ್ಯಗಳು ಬೀಳುತ್ತಿದ್ದವು.

ಇವರಲ್ಲಿ ಹಲವರಿಗೆ ಎರಡು ಹೆಸರುಗಳಿರುವುದು ವಾಡಿಕೆ. ಒಂದು ಮುಸ್ಲಿಮ್ ಹೆಸರು, ಇನ್ನೊಂದು ಹಿಂದೂ ಹೆಸರು. ಇದನ್ನು ಕೋಮು ಸೌಹಾರ್ದದ ಸುಂದರ ಉದಾಹರಣೆ ಎಂದು ಕೊಂಡಾಡುವುದು ಸುಲಭ. ಆದರೆ ಇತಿಹಾಸ ಅಷ್ಟು ಸಿಹಿಯಾಗಿಲ್ಲ. ಹಿಂದೂಗಳ ಅಂಗಳದಲ್ಲಿ ದೇವರ ಕತೆ ಹಾಡಿ ಅನ್ನ ಸಂಪಾದಿಸಬೇಕಾದವನಿಗೆ ಹಿಂದೂ ಹೆಸರು ಹೊಟ್ಟೆಪಾಡಿನ ಅಗತ್ಯವೂ ಆಗಿತ್ತು.

ಬ್ರಹ್ಮವೈವರ್ತ ಪುರಾಣದ ಪ್ರಕಾರ ಚಿತ್ರಕಾರನು ವಿಶ್ವಕರ್ಮ ಮತ್ತು ಘೃತಾಚಿಯರ ಒಂಬತ್ತು ಮಕ್ಕಳಲ್ಲಿ ಒಬ್ಬ. ಕಮ್ಮಾರ, ಕುಂಬಾರ, ಅಕ್ಕಸಾಲಿಗರ ಒಡಹುಟ್ಟಿದವನು. ಶಾಸ್ತ್ರದ ಕ್ರಮ ಮೀರಿ ಚಿತ್ರ ಬರೆದನೆಂದು ಬ್ರಾಹ್ಮಣರು ಅವನನ್ನು ಶಪಿಸಿ ಹೊರಗಟ್ಟಿದರು. ಪಟುವಾಗಳೇ ಹೇಳಿಕೊಳ್ಳುವ ಇನ್ನೊಂದು ಕತೆಯಿದೆ. ಅಪ್ಪಣೆಯಿಲ್ಲದೆ ಶಿವನ ಚಿತ್ರ ಬರೆಯುತ್ತಿದ್ದ ಪೂರ್ವಿಕನೊಬ್ಬ, ಶಿವ ಎದುರಿಗೆ ಬಂದಾಗ ಹೆದರಿ ಕುಂಚವನ್ನು ಬಾಯಿಯೊಳಗೆ ಅಡಗಿಸಿಕೊಂಡನಂತೆ. ಕುಂಚ ಎಂಜಲಾಯಿತು. ಇನ್ನು ಮುಂದೆ ನೀನು ಹಿಂದೂವೂ ಅಲ್ಲ, ಮುಸ್ಲಿಮನೂ ಅಲ್ಲ, ಮುಸ್ಲಿಮರ ಆಚಾರ ಪಾಲಿಸಿ ಹಿಂದೂ ದೇವರ ಚಿತ್ರ ಬರೆದು ಬದುಕು ಎಂದು ಶಿವ ಶಪಿಸಿದನಂತೆ. ತಮ್ಮ ಬದುಕಿನ ಸ್ಥಿತಿಯನ್ನು ಶಾಪವೆಂದು ವಿವರಿಸಿಕೊಂಡ ಸಮುದಾಯವೊಂದು ಎಷ್ಟು ಅವಮಾನ ಉಂಡಿರಬಹುದು? ಜಾತಿ ಪದ್ಧತಿ ಇವರನ್ನು ಹೊರಗಿಟ್ಟಿತು. ವಿಗ್ರಹಗಳ ಚಿತ್ರ ಬರೆಯುವವರೆಂಬ ಕಾರಣಕ್ಕೆ ಮುಸ್ಲಿಮ್ ಸಮಾಜವೂ ಇವರನ್ನು ಪೂರ್ತಿ ತನ್ನವರೆಂದು ಅಪ್ಪಿಕೊಳ್ಳಲಿಲ್ಲ. ಪಂಕ್ತಿಯಲ್ಲಿ ಎಲ್ಲರನ್ನೂ ಸಮನಾಗಿ ನಿಲ್ಲಿಸುವ ಧರ್ಮದ ಅನುಯಾಯಿಗಳಾದ ನಾವು ಇದನ್ನು ಒಪ್ಪಿಕೊಳ್ಳಲೇಬೇಕು.

ಹಳ್ಳಿಯ ಆಸರೆ ಸಾಲದಾದಾಗ 19ನೇ ಶತಮಾನದಲ್ಲಿ ಅನೇಕ ಪಟುವಾಗಳು ಕೊಲ್ಕತ್ತಾದ ಕಾಳೀಘಾಟ್ ದೇವಾಲಯದ ಬಳಿ ಬಂದು ಯಾತ್ರಿಕರಿಗೆ ಬಿಡಿ ಚಿತ್ರಗಳನ್ನು ಮಾರಿದರು. ಅಗ್ಗದ ಅಚ್ಚಿನ ಚಿತ್ರಗಳು ಬಂದು 20ನೇ ಶತಮಾನದ ಮೊದಲ ದಶಕಗಳಲ್ಲಿ ಆ ದಾರಿಯೂ ಮುಚ್ಚಿತು. ಹಳ್ಳಿಗಳ ಪಟಗಳ ಬೆಲೆ ಅರಿತವರಲ್ಲಿ ಪ್ರಮುಖರು ಐಸಿಎಸ್ ಅಧಿಕಾರಿ ಗುರುಸದಯ್ ದತ್ತ (1882-1941). ಅವರು ಪಟಗಳನ್ನು ಸಂಗ್ರಹಿಸಿದರಲ್ಲದೆ ಪಟುವಾಗಳ ಹಾಡುಗಳನ್ನು 'ಪಟುವಾ ಸಂಗೀತ್' ಎಂಬ ಹೆಸರಿನಲ್ಲಿ 1939ರಲ್ಲಿ ಪ್ರಕಟಿಸಿದರು. ಚಿತ್ರದಷ್ಟೇ ಹಾಡೂ ಮುಖ್ಯವೆಂದು ಅವರು ಅರಿತಿದ್ದರು.

ನಂತರ ಸಿನೆಮಾ, ಟಿ.ವಿ. ಬಂದವು. ಅಂಗಳದ ಕೇಳುಗರು ಕರಗಿದರು. ಆದರೆ ನಯಾ ಸುಮ್ಮನೆ ಕೂರಲಿಲ್ಲ. ಹಿರಿಯ ಕಲಾವಿದ ದುಖುಶ್ಯಾಮ್ ಚಿತ್ರಕರ್, ಗಂಡಸರದೇ ಆಗಿದ್ದ ಈ ಕಸುಬನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿದರು. ಇಂದು ನಯಾದ ಹೆಸರನ್ನು ಹೊರಗೆ ಕೊಂಡೊಯ್ದವರಲ್ಲಿ ಮಹಿಳೆಯರೇ ಮುಂದಿದ್ದಾರೆ. ಅಮೆರಿಕದ ಅವಳಿ ಗೋಪುರಗಳ ಮೇಲಿನ 2001ರ ದಾಳಿ, 2004ರ ಸುನಾಮಿ, ಏಡ್ಸ್ ರೋಗ ಎಲ್ಲವೂ ಪಟಗಳಾದವು. 2020ರಲ್ಲಿ ಸ್ವರ್ಣಾ ಚಿತ್ರಕರ್ ಕೊರೋನಾ ಕುರಿತು ಬರೆದು ಹಾಡಿದ ಪಟವನ್ನು ದೇಶವಿಡೀ ನೋಡಿತು. 2010ರಿಂದ ಊರಿನಲ್ಲಿ 'ಪಟ್ ಮಾಯಾ' ಮೇಳ ಆರಂಭವಾಯಿತು. ಮೇಳಕ್ಕೆ ಬಂದವರಿಗೆ ಇಲ್ಲಿನ ಮನೆಗಳ ಗೋಡೆಗಳೇ ಪಟಗಳಾಗಿ ಕಾಣುತ್ತವೆ. 2018ರಲ್ಲಿ ಬಂಗಾಳದ ಪಟಚಿತ್ರಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು.

ಇದೆಲ್ಲ ಸಂತೋಷದ ಸಂಗತಿ. ಹಸಿವಿನಲ್ಲಿ ಕಲೆ ಉಳಿಯಲಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಪೇಟೆಯವರು ಕೊಳ್ಳುವುದು ಚಿತ್ರವನ್ನು. ಟಿ-ಶರ್ಟು, ಕೊಡೆ, ಕೆಟಲ್‌ಗಳ ಮೇಲೆ ಬರೆದ ಚಿತ್ರಕ್ಕೆ ಹಾಡು ಬೇಕಾಗಿಲ್ಲ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಪಟದ ಮುಂದೆ ಯಾರೂ ಕುಳಿತು ಕೇಳುವುದಿಲ್ಲ. ಹಿಂದೆ ಅಂಗಳದಲ್ಲಿ ಹಿಡಿ ಅಕ್ಕಿ ಕೊಟ್ಟವರು ಪಟುವಾನನ್ನು ಜಾತಿಯಿಂದ ದೂರವಿಟ್ಟಿದ್ದರೂ ಅವನ ಹಾಡನ್ನು ಕೊನೆಯವರೆಗೂ ಕೇಳುತ್ತಿದ್ದರು. ನಾವು ಅವನನ್ನು ಸೌಹಾರ್ದದ ಸಂಕೇತವೆಂದು ಹೊಗಳುತ್ತೇವೆ, ಅವನ ಹಾಡು ಕೇಳಲು ನಮಗೆ ಪುರುಸೊತ್ತಿಲ್ಲ. ನಯಾದವರಿಗೆ ನಮ್ಮ ಹೊಗಳಿಕೆಗಿಂತ ಹೆಚ್ಚಾಗಿ ಬೇಕಿರುವುದು ಕೇಳುವ ಕಿವಿಗಳು, ಮತ್ತು ಎರಡರಲ್ಲಿ ಯಾವ ಹೆಸರು ಹೇಳಿದರೂ ತೆರೆದುಕೊಳ್ಳುವ ಬಾಗಿಲುಗಳು.