ಪರಿಮಳಕ್ಕೆ ಬಲಿಯಾದ ಗುಲಾಬಿ ಮರ

ಒಂದು ಹಿಡಿ ಕೊತ್ತಂಬರಿ ಬೀಜವನ್ನು ಹುರಿಯದೆ ಹಾಗೆಯೇ ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಬೇಕು. ಸಾರಿನ ಪುಡಿಯ ನೆನಪಾಗುವುದಕ್ಕೆ ಮೊದಲು, ಒಂದೆರಡು ಕ್ಷಣ ಬೇರೆಯೇ ಒಂದು ವಾಸನೆ ಮೂಗಿಗೆ ತಾಗುತ್ತದೆ. ಸ್ವಲ್ಪ ಹೂವಿನಂಥದು, ಸ್ವಲ್ಪ ನಿಂಬೆ ಸಿಪ್ಪೆಯಂಥದು, ಹಿಂದಿನಿಂದ ತುಸು ಖಾರ. ಈ ವಾಸನೆಗೆ ಕಾರಣವಾದ ವಸ್ತುವಿನ ಹೆಸರು ಲಿನಲೂಲ್. ಕೊತ್ತಂಬರಿ ಬೀಜದಿಂದ ಇಳಿಸಿದ ತೈಲದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇದೇ ಇರುತ್ತದೆ. ತುಳಸಿಯ ಬಳಗದ ಕಾಮಕಸ್ತೂರಿಯಲ್ಲಿದೆ, ಲ್ಯಾವೆಂಡರ್ ಹೂವಿನಲ್ಲಿದೆ. ಆದರೆ ಇದು ಅತಿ ಹೆಚ್ಚಾಗಿ ತುಂಬಿಕೊಂಡಿದ್ದ ಜಾಗ ಅಡುಗೆಮನೆಯೂ ಅಲ್ಲ, ಹೂದೋಟವೂ ಅಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಒಂದು ಮರದ ದಿಮ್ಮಿ. ಆ ಮರದ ತೈಲದಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಲಿನಲೂಲ್. ಅದೇ ಅದರ ಕೀರ್ತಿಗೂ ಕಾರಣವಾಯಿತು, ನಾಶಕ್ಕೂ ಕಾರಣವಾಯಿತು.

ಬ್ರೆಜಿಲಿನವರು ಆ ಮರವನ್ನು ಪೌ ರೋಸಾ ಎನ್ನುತ್ತಾರೆ. ಪಕ್ಕದ ಫ್ರೆಂಚ್ ಗಯಾನಾದಲ್ಲಿ ಬ್ವಾ ದ ರೋಜ್. ಎರಡರ ಅರ್ಥವೂ ಗುಲಾಬಿ ಮರ. ಇಂಗ್ಲಿಷಿನಲ್ಲಿ ಅದು ರೋಸ್‌ವುಡ್ ಆಯಿತು. ಇಲ್ಲಿಯೇ ಕನ್ನಡಿಗರಿಗೆ ಗೊಂದಲ ಶುರುವಾಗುವುದು. ರೋಸ್‌ವುಡ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಮಲೆನಾಡಿನ ಬೀಟೆ, ಅಜ್ಜನ ಕಾಲದ ಮಂಚ, ಮೈಸೂರಿನ ಕೆತ್ತು ಚಿತ್ರಗಳ ಕಪ್ಪು ಹಲಗೆ. ಬೀಟೆ ಅವರೆ, ಹುಣಸೆಗಳ ಕುಟುಂಬದ ಮರ. ಹೊಸದಾಗಿ ಕೊಯ್ದ ಬೀಟೆಗೆ ಒಂದು ಬಗೆಯ ಸಿಹಿ ವಾಸನೆ ಇದೆ ಎಂಬುದನ್ನು ಬಡಗಿಗಳು ಬಲ್ಲರು. ಆದರೆ ಸೀಸೆಗೆ ತುಂಬುವಷ್ಟು ತೈಲ ಅದರಿಂದ ಇಳಿಯುವುದಿಲ್ಲ. ಅಮೆಜಾನಿನ ಗುಲಾಬಿ ಮರವಾದರೋ ದಾಲ್ಚಿನ್ನಿ, ಕರ್ಪೂರದ ಮರಗಳ ನೆಂಟ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅನಿಬಾ ರೋಸಿಯೋಡೋರಾ. ಗುಲಾಬಿಗೂ ಅದಕ್ಕೂ ಸಂಬಂಧವಿಲ್ಲ. ಒಟ್ಟಿನಲ್ಲಿ ಬೀಟೆಯೂ ಅಲ್ಲದ, ಗುಲಾಬಿಯೂ ಅಲ್ಲದ ಮರವೊಂದು ಎರಡರ ಹೆಸರನ್ನೂ ಹೊತ್ತು ಪ್ಯಾರಿಸ್ಸಿನ ಪರಿಮಳದಂಗಡಿಗಳನ್ನು ಹೊಕ್ಕಿತು.

ಈ ತೈಲವನ್ನು ಸುಗಂಧ ತಯಾರಕರು ಇಷ್ಟೊಂದು ಮೆಚ್ಚಿದ್ದೇಕೆ ಎಂದು ತಿಳಿಯಬೇಕಾದರೆ ಪರಿಮಳವನ್ನು ಅವರು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ನೋಡಬೇಕು. ಸೀಸೆಯ ಬಾಯಿಗೆ ಮೂಗು ಹಚ್ಚುವುದು ಅವರ ಪದ್ಧತಿಯಲ್ಲ. ಹಾಗೆ ಮಾಡಿದರೆ ಮೊದಲು ನುಗ್ಗುವುದು ಮದ್ಯಸಾರದ ಘಾಟು. ಹೀರುಕಾಗದದ ತೆಳುವಾದ ಪಟ್ಟಿಯ ತುದಿಯನ್ನು ಅದ್ದಿ, ಒಣಗಲು ಬಿಟ್ಟು, ಆಗಾಗ ಮೂಸುತ್ತಾರೆ. ಈಗೊಮ್ಮೆ, ಕಾಲು ಗಂಟೆಯ ಮೇಲೊಮ್ಮೆ, ಸಂಜೆಗೊಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಒಂದೇ ಪಟ್ಟಿ ಪ್ರತಿ ಸಲವೂ ಬೇರೆ ವಾಸನೆ ಕೊಡುತ್ತದೆ. ಹಗುರವಾದ ಅಂಶಗಳು ಬೇಗ ಹಾರಿಹೋಗುತ್ತವೆ, ಭಾರವಾದವು ನಿಲ್ಲುತ್ತವೆ. ಮೊದಲಿನದನ್ನು ಮೇಲುಗಂಧ ಎನ್ನಬಹುದು, ಆಮೇಲಿನದು ನಡುಗಂಧ, ಕೊನೆಗುಳಿಯುವುದು ತಳಗಂಧ. ವಿಲಿಯಂ ಪೌಚರ್ ಎಂಬ ಇಂಗ್ಲಿಷ್ ತಜ್ಞ ನೂರಾರು ಸುಗಂಧ ವಸ್ತುಗಳನ್ನು ಹೀಗೆ ಮೂಸಿ, ಅವು ಎಷ್ಟು ಕಾಲ ನಿಲ್ಲುತ್ತವೆ ಎಂಬುದರ ಮೇಲೆ 1ರಿಂದ 100ರವರೆಗೆ ಅಂಕ ಕೊಟ್ಟ. ನಮ್ಮ ಶ್ರೀಗಂಧ, ಲಾವಂಚ, ಪಚೋಲಿ ಮೂರೂ ನೂರಕ್ಕೆ ನೂರು ಗಿಟ್ಟಿಸಿದವು.

ಲಿನಲೂಲ್ ಆ ಪಟ್ಟಿಯ ಕೆಳಗಿನ ಕಡೆಯದು; ಬೇಗ ಬಂದು ಬೇಗ ಹೋಗುವಂಥದು. ಆದರೆ ಗುಲಾಬಿ ಮರದ ತೈಲದಲ್ಲಿ ಲಿನಲೂಲ್ ಜತೆಗೆ ಚಿಲ್ಲರೆ ಪ್ರಮಾಣದಲ್ಲಿ ಇನ್ನೂ ಹಲವು ವಸ್ತುಗಳಿವೆ. ಅವುಗಳ ದೆಸೆಯಿಂದ ಅದಕ್ಕೆ ಮರದ ಬಿಸುಪು, ಮೆಣಸಿನ ಚುರುಕು, ಗುಲಾಬಿಯ ನೆರಳು ಬರುತ್ತವೆ. ಲವಂಗ, ಏಲಕ್ಕಿ, ಜಾಯಿಕಾಯಿಯಂಥ ಸಾಂಬಾರ ಪದಾರ್ಥಗಳ ಜತೆ ಇದು ಜಗಳವಾಡದೆ ಬೆರೆಯುತ್ತದೆ. ಕೆಳಗಿರುವ ಗಂಧ, ದೇವದಾರುಗಳಿಗೂ ಮೇಲಿರುವ ಹೂವುಗಳಿಗೂ ನಡುವೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಖಾರವೂ ಮರವೂ ಕೂಡಿದ ಪರಿಮಳಗಳಿಗೆ ಇದು ಒದಗಿಬಂದದ್ದು ಹೀಗೆ. ಎರ್ನೆಸ್ಟ್ ಬೋ 1921ರಲ್ಲಿ ರೂಪಿಸಿದ ಶನೆಲ್ ನಂಬರ್ 5 ಎಂಬ ಜಗತ್ಪ್ರಸಿದ್ಧ ಪರಿಮಳ ಖಾರದ್ದೇನಲ್ಲ, ಮಲ್ಲಿಗೆ ಗುಲಾಬಿಗಳದ್ದು. ಅದರಲ್ಲೂ ಈ ತೈಲ ಸೇರಿತ್ತು.

ಹಚ್ಚಿಕೊಳ್ಳುವವರಿಗೂ ಈ ಲೆಕ್ಕಾಚಾರ ಉಪಯೋಗದ್ದೇ. ಅಂಗಡಿಯಲ್ಲಿ ಮೊದಲ ನಿಮಿಷದ ವಾಸನೆಗೆ ಮರುಳಾಗಿ ಹಣ ಕೊಡುವವರು ಕೊಳ್ಳುವುದು ಮೇಲುಗಂಧವನ್ನು. ದಿನವಿಡೀ ಮೈಮೇಲೆ ಇರುವುದು ತಳಗಂಧ. ಮಣಿಕಟ್ಟಿಗೆ ಹಚ್ಚಿ ಒಂದಕ್ಕೊಂದು ತಿಕ್ಕುವುದು ಬಹಳ ಜನರ ರೂಢಿ. ತಿಕ್ಕಿದರೆ ಲಿನಲೂಲ್‌ನಂಥ ಹಗುರ ಅಂಶಗಳು ಇನ್ನೂ ಬೇಗ ಹಾರುತ್ತವೆ. ಒಮ್ಮೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಸೀಸೆ ಮೂಸಿದರೆ ಮೂಗು ದಣಿಯುತ್ತದೆ. ಆಗ ಅಂಗಡಿಯವರು ಕಾಫಿ ಬೀಜದ ಬಟ್ಟಲು ಮುಂದಿಡುವುದುಂಟು. ಅದಕ್ಕಿಂತ ತಮ್ಮದೇ ಅಂಗಿಯ ತೋಳನ್ನು ಮೂಸುವುದು ಅಗ್ಗ, ಫಲವೂ ಅಷ್ಟೇ. ಅತ್ತರಿನ ರೀತಿಯೇ ಬೇರೆ. ಅದರಲ್ಲಿ ಮದ್ಯಸಾರವಿಲ್ಲ, ಹೂವಿನ ಆವಿಯನ್ನು ನೇರವಾಗಿ ಗಂಧದೆಣ್ಣೆಗೆ ಇಳಿಸುವುದು ಕನೌಜಿನ ಹಳೆಯ ಕ್ರಮ. ಹತ್ತಿಯ ತುಣುಕಿಗೆ ತಾಗಿಸಿ ಕಿವಿಯ ಸಂದಿಯಲ್ಲಿಟ್ಟುಕೊಂಡರೆ ತಳಗಂಧ ಮೊದಲಿನಿಂದಲೇ ಜತೆಗಿರುತ್ತದೆ.

ವಾಸನೆಗಳನ್ನು ಬೆರೆಸುವುದೊಂದು ಶಾಸ್ತ್ರ ಎಂಬುದು ಪ್ಯಾರಿಸ್ಸಿನಲ್ಲಿ ಹುಟ್ಟಿದ ಮಾತಲ್ಲ. ಅದಕ್ಕೆ ಗಂಧಯುಕ್ತಿ ಎಂಬ ಹೆಸರೇ ಇದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಹದಿನಾರು ದ್ರವ್ಯಗಳ ಕೋಷ್ಟಕ ಕೊಟ್ಟು, ನಾಲ್ಕು ನಾಲ್ಕಾಗಿ, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ 1,74,720 ಪರಿಮಳಗಳಾಗುತ್ತವೆ ಎಂದು ಲೆಕ್ಕ ಹಾಕಿದ್ದಾನೆ. ಇಷ್ಟನ್ನೂ ಯಾರು ಮೂಸಿದರೋ! ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ವಾಸ್ತು, ವೃಷ್ಟಿ, ಅಡುಗೆ, ವೈದ್ಯಗಳ ಜತೆಗೆ ಗಂಧಯುಕ್ತಿಯೂ ಒಂದು ವಿಷಯ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಸಾಲಿನಲ್ಲಿ ಆ ಕವಿ ಸುಗಂಧವನ್ನೂ ಸೇರಿಸಿದ್ದು ಗಮನಿಸತಕ್ಕ ಸಂಗತಿ.

ಅಮೆಜಾನಿಗೆ ಮರಳಿದರೆ, ಅಲ್ಲಿ ನಡೆದದ್ದು ಯಾರಿಗೂ ಉಪಕಾರವಾಗುವ ಕೆಲಸವಲ್ಲ. ಗುಲಾಬಿ ಮರದ ತೈಲ ಇಳಿಸುವ ಉದ್ಯಮ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಗಯಾನಾದಲ್ಲಿ ಶುರುವಾಯಿತು. ಮೊದಲು ದಿಮ್ಮಿಗಳನ್ನೇ ಹಡಗಿನಲ್ಲಿ ಯೂರೋಪಿಗೆ ಸಾಗಿಸಿದರು. ಆಮೇಲೆ ಭಟ್ಟಿಗಳನ್ನು ಕಾಡಿನ ಬಳಿಗೇ ಒಯ್ದರು. ಮರ ಕಡಿದು, ತುಂಡರಿಸಿ, ಚೂರು ಮಾಡಿ, ಹಬೆ ಹಾಯಿಸಿದರೆ ತೈಲ ಹೊರಬರುತ್ತದೆ. ಒಂದು ಟನ್ ಮರಕ್ಕೆ ಸುಮಾರು ಹತ್ತು ಕಿಲೋ ತೈಲ. ನೂರಕ್ಕೆ ಒಂದು ಪಾಲು ಸಿಕ್ಕಿತು, ತೊಂಬತ್ತೊಂಬತ್ತು ಪಾಲು ಒಲೆಗೆ ಸೌದೆಯಾಯಿತು ಅಥವಾ ತಿಪ್ಪೆ ಸೇರಿತು. ಈ ಮರ ತೋಪಾಗಿ ಬೆಳೆಯುವುದಿಲ್ಲ. ಅಲ್ಲೊಂದು ಇಲ್ಲೊಂದು, ಹಲವು ಹೆಕ್ಟೇರಿಗೆ ಒಂದರಂತೆ ಚದುರಿರುತ್ತದೆ. ಅದನ್ನು ಹುಡುಕುವುದಕ್ಕೆಂದೇ ಕಾಡು ಬಲ್ಲವರು ಮುಂದೆ ಹೋಗುತ್ತಿದ್ದರು. ತೊಗಟೆ ಕೆತ್ತಿ ಮೂಸಿದರೆ ಗುರುತು ಸಿಕ್ಕುತ್ತಿತ್ತು.

ಕೆಲವೇ ದಶಕಗಳಲ್ಲಿ ಗಯಾನಾದ ಕೈಗೆಟಕುವ ಕಾಡು ಬರಿದಾಯಿತು. 1920ರ ದಶಕದಲ್ಲಿ ಉದ್ಯಮ ಬ್ರೆಜಿಲಿಗೆ ದಾಟಿತು. ಅಮೆಜಾನ್ ನದಿಯ ಉಪನದಿಗಳ ದಂಡೆಯುದ್ದಕ್ಕೂ ಭಟ್ಟಿಗಳು ಎದ್ದವು. ದಂಡೆಯ ಮರಗಳು ಮುಗಿದಂತೆಲ್ಲ ಕೊಡಲಿ ಒಳಕ್ಕೆ ಹೋಯಿತು. ರಬ್ಬರಿನ ಭಾಗ್ಯ ಮಲಯಾ, ಸಿಂಹಳಗಳ ತೋಟಗಳ ಪಾಲಾಗಿ ಮನೌಸ್ ನಗರ ಬಡವಾಗಿದ್ದ ಕಾಲ ಅದು; ಆ ಸೀಮೆಗೆ ಈ ತೈಲ ಒಂದು ಆಸರೆಯಾಯಿತು. ಬ್ರೆಜಿಲಿನ ರಫ್ತು 1951ರಲ್ಲಿ 444 ಟನ್ ಮುಟ್ಟಿತು. ಮೇಲಿನ ಲೆಕ್ಕ ಹಿಡಿದರೆ, ಆ ಒಂದು ವರ್ಷದ ತೈಲಕ್ಕೆ ನಲವತ್ತು ಸಾವಿರ ಟನ್ನಿಗೂ ಮೀರಿ ಮರ ಬೇಕಾಯಿತು. ರಬ್ಬರಿನ ಹಾಲು ಕರೆದರೆ ಮರ ಉಳಿಯುತ್ತದೆ. ಇಲ್ಲಿ ಕರೆಯುವುದೆಂದರೆ ಕೊಲ್ಲುವುದು.

ಕಾಡಿಗೆ ತುಸು ಬಿಡುವು ಕೊಟ್ಟದ್ದು ಕಾನೂನಲ್ಲ, ವಿಟಮಿನ್ ಗುಳಿಗೆ. ವಿಟಮಿನ್ ಎ ಮತ್ತು ಇ ಗಳನ್ನು ಕಾರ್ಖಾನೆಯಲ್ಲಿ ತಯಾರಿಸುವ ರಾಸಾಯನಿಕ ಹಾದಿಯಲ್ಲಿ ಲಿನಲೂಲ್ ಒಂದು ನಡುನಿಲ್ದಾಣ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಾಫ್‌ಮನ್ ಲಾ ರಾಶ್‌ನಂಥ ಔಷಧ ಕಂಪನಿಗಳು ಆ ಹಾದಿ ಹಿಡಿದಾಗ ಕೃತಕ ಲಿನಲೂಲ್ ಹೇರಳವಾಗಿ, ಅಗ್ಗವಾಗಿ ಸಿಗತೊಡಗಿತು. ಸಾಬೂನು, ಬಟ್ಟೆಪುಡಿ ಮಾಡುವವರೆಲ್ಲ ಅತ್ತ ತಿರುಗಿದರು. ಚೀನಾ, ತೈವಾನ್‌ಗಳಿಂದ ಕರ್ಪೂರದ ಜಾತಿಯ ಮರದ ಹೋ ತೈಲವೂ ಪೈಪೋಟಿಗೆ ಬಂತು. ಬ್ರೆಜಿಲಿನ ಉತ್ಪಾದನೆ ಕುಸಿಯುತ್ತ, ಹೊಸ ಶತಮಾನದ ಹೊತ್ತಿಗೆ ಹಳೆಯ ವೈಭವದ ಹತ್ತರಲ್ಲೊಂದು ಭಾಗಕ್ಕಿಳಿಯಿತು. ಮರವೂ ಅಷ್ಟು ಹೊತ್ತಿಗೆ ಅಪರೂಪವಾಗಿತ್ತು. 1992ರಲ್ಲಿ ಬ್ರೆಜಿಲ್ ಅದನ್ನು ಅಳಿವಿನಂಚಿನ ಮರಗಳ ಪಟ್ಟಿಗೆ ಸೇರಿಸಿತು.

ಮೂಗು ಪಳಗಿದವರು ಕೃತಕ ಲಿನಲೂಲನ್ನು ತೆಳು ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಮರದ ತೈಲದ ಆ ಚಿಲ್ಲರೆ ವಸ್ತುಗಳು ಅದರಲ್ಲಿಲ್ಲ. ಆದರೆ ಆ ವ್ಯತ್ಯಾಸ ಗೊತ್ತಾಗುವುದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂಸಿದಾಗ. ಲವಂಗ, ಮೆಣಸು, ಗಂಧಗಳ ನಡುವೆ ಸೇರಿಹೋದ ಮೇಲೆ, ಸಾಲದಕ್ಕೆ ಬೆವರಿದ ಮೈಮೇಲೆ, ಅದನ್ನು ಗುರುತಿಸುವವರು ಬೆರಳೆಣಿಕೆಯ ಜನ. ಆ ಬೆರಳೆಣಿಕೆಯ ಸುಖಕ್ಕೆ ನೂರಡಿ ಎತ್ತರದ ಮರ ಬೀಳಬೇಕಾಗಿತ್ತು ಎಂದರೆ ಬೆಲೆ ದುಬಾರಿಯೇ ಆಯಿತು. ಇಂದು ರೋಸ್‌ವುಡ್ ಎಂದು ಬರೆದುಕೊಂಡ ಸೀಸೆಗಳಲ್ಲಿ ಹೆಚ್ಚಿನವು ಹಲವು ವಸ್ತುಗಳನ್ನು ಕೂಡಿಸಿ ಕಟ್ಟಿದ ಕಲ್ಪನೆಯ ಮರ. ಕೆಲವದರಲ್ಲಿ ಹೊಳೆಯುವ ಬೀಟೆಯ ಮೇಜನ್ನು ನೆನಪಿಸುವ ಪ್ರಯತ್ನವಿರುತ್ತದೆ, ಕೆಲವದರಲ್ಲಿ ಅಮೆಜಾನಿನದು. ಅದರಲ್ಲಿ ಮೋಸವೇನಿಲ್ಲ, ಕೊಳ್ಳುವವರಿಗೆ ತಿಳಿದಿರಬೇಕು, ಅಷ್ಟೆ.

ಲಿನಲೂಲ್ ಎಂಬ ಹೆಸರಿನ ಹಿಂದೆ ಇನ್ನೊಂದು ಮರವಿದೆ. ಅದರ ದಾರಿ ಬೆಂಗಳೂರಿನ ಕನಕಪುರ ರಸ್ತೆಗೆ ಬಂದು ಸೇರುತ್ತದೆ. ಮೆಕ್ಸಿಕೋ ದೇಶದ ಲಿನಲೋ ಮರದ ತೈಲದಲ್ಲೂ ಇದೇ ಸುಗಂಧ. ನಮ್ಮ ಅಗರುವಿಗೆ ಯೂರೋಪಿನ ಹಳೆಯ ಹೆಸರು ಲಿಗ್ನಮ್ ಅಲೋಯೆಸ್. ಮೆಕ್ಸಿಕೋ ಹೊಕ್ಕ ಸ್ಪೇನಿನವರು ಅಲ್ಲಿನ ಪರಿಮಳದ ಮರಕ್ಕೆ ಅದೇ ಹೆಸರನ್ನು ಮೊಟಕು ಮಾಡಿ ಅಂಟಿಸಿದರು. ಅಲ್ಲೂ ಕಟ್ಟಿಗೆಯಿಂದಲೇ ತೈಲ ಇಳಿಸುತ್ತಿದ್ದರು. ಓಲಿನಲಾ ಎಂಬ ಊರಿನ ಅರಗಿನ ಬಣ್ಣದ ಪೆಟ್ಟಿಗೆಗಳಿಗೂ ಅದೇ ಮರ. ಹೀಗೆ ಅದೂ ವಿರಳವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಮರ ಬೆಂಗಳೂರಿನ ಹೊರವಲಯಕ್ಕೆ ಬಂತು. ಚಿತ್ರನಟಿ ದೇವಿಕಾರಾಣಿ ಮತ್ತು ಅವರ ಪತಿ, ಕಲಾವಿದ ಸ್ವೆತೊಸ್ಲಾವ್ ರೋರಿಕ್ ನೆಲೆಸಿದ್ದ ತಾತಗುಣಿ ಎಸ್ಟೇಟಿನ ಮುಖ್ಯ ಬೆಳೆ ಇದೇ. ರೋರಿಕ್ ಅವರ ಚಿತ್ರಗಳ ಬಗ್ಗೆ, ದೇವಿಕಾರಾಣಿಯವರ ಸಿನಿಮಾಗಳ ಬಗ್ಗೆ ಬರೆದಷ್ಟು ಅವರ ತೋಟದ ಭಟ್ಟಿಯ ಬಗ್ಗೆ ಯಾರೂ ಬರೆದಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯಿದೆಯಲ್ಲಿ ಲಿನಲೋ ಬೆಳೆಯುವ ಜಮೀನಿಗೆ ಪ್ರತ್ಯೇಕ ವಿನಾಯಿತಿ ಇತ್ತು ಎಂದರೆ ಆಶ್ಚರ್ಯವಾದೀತು. ಆ ವಿನಾಯಿತಿಯನ್ನು ಸರ್ಕಾರ 1994ರಲ್ಲಿ ಹಿಂತೆಗೆದುಕೊಂಡಿತು. ರೋರಿಕ್ 1993ರಲ್ಲಿ, ದೇವಿಕಾರಾಣಿ ಮರುವರ್ಷ ತೀರಿಕೊಂಡರು. ಎಸ್ಟೇಟನ್ನು ಸ್ವಾಧೀನಪಡಿಸಿಕೊಳ್ಳಲು 1996ರಲ್ಲಿ ವಿಶೇಷ ಕಾನೂನೇ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2011ರಲ್ಲಿ ಸರ್ಕಾರದ ಪರವಾಗಿ ಮುಗಿಯಿತು.

ಇಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಬೇರೆ. ಮೆಕ್ಸಿಕೋದಲ್ಲಿ ಕಟ್ಟಿಗೆ ಕಡಿದು ತೆಗೆಯುತ್ತಿದ್ದ ಪರಿಮಳವನ್ನು ನಮ್ಮಲ್ಲಿ ಅದೇ ಮರದ ಪುಟ್ಟ ಕಾಯಿಗಳ ಸಿಪ್ಪೆಯಿಂದ ಇಳಿಸುತ್ತಾರೆ. ಕಾಯಿ ಕೊಯ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಸಿಪ್ಪೆಯ ತೈಲ ಕಟ್ಟಿಗೆಯ ತೈಲಕ್ಕೆ ಪೂರ್ತಿ ಸಮನಲ್ಲ, ಇನ್ನಷ್ಟು ಸಿಹಿ. ಮರದ ಬಿಸುಪು ಕಡಿಮೆ. ಸಾಬೂನಿನವರು ಅದನ್ನು ದೊಡ್ಡ ಕೊರತೆಯೆಂದು ಎಣಿಸಲಿಲ್ಲ.

ಬ್ರೆಜಿಲಿನಲ್ಲೂ ಬುಡ ಕಡಿಯುವ ಬದಲು ನೆಟ್ಟ ಗಿಡಗಳ ಎಲೆ, ರೆಂಬೆಗಳನ್ನು ಸವರಿ ತೈಲ ಇಳಿಸುವ ಪ್ರಯೋಗಗಳು ನಡೆದವು. ಕಾಂಪಿನಾಸ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ಎಲೆಯ ತೈಲ ಮರದ ತೈಲಕ್ಕೆ ಹತ್ತಿರದ್ದೆಂದು ತೋರಿಸಿದರು. ಮಾವೆಸ್ ಎಂಬಲ್ಲಿ ತೋಟಗಳೂ ಎದ್ದಿವೆ. 2010ರಲ್ಲಿ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಗುಲಾಬಿ ಮರ ಸೇರಿದ ಮೇಲೆ ಅದರ ದಿಮ್ಮಿ, ಹಲಗೆ, ತೈಲ ಯಾವುದೂ ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ನಮ್ಮ ಬೀಟೆಯೂ ತನ್ನ ಇಡೀ ಬಳಗದೊಂದಿಗೆ 2017ರಲ್ಲಿ ಅದೇ ಪಟ್ಟಿ ಸೇರಿತು. ಒಂದು ವಿನಾಯಿತಿ ಮಾತ್ರ ಉಳಿದಿದೆ. ಪೀಪಾಯಿಯಲ್ಲಿರುವ ತೈಲಕ್ಕೆ ಕಾಗದಪತ್ರ ಬೇಕು. ಅದೇ ತೈಲ ಬೆರೆಸಿ, ಸೀಸೆಗೆ ತುಂಬಿ, ಮಾರಾಟಕ್ಕೆ ಸಿದ್ಧವಾದ ಪರಿಮಳಕ್ಕೆ ಬೇಕಿಲ್ಲ.